ತಾರಾಬಾಯಿಯ ಕೈಗೆ ಒಗ್ಗಿದ ವಾಚು

ಬೋರಗಾಂವದ ಬಸದಿಯ ಹಿಂದಿನ ಓಣಿಯಲ್ಲಿ ಹಗಲಿಡೀ ವಿದ್ಯುತ್ ಮಗ್ಗಗಳ ಸದ್ದು. ಅಲ್ಲಿಯ ಜನ ಮನೆಯೊಳಗೆ ಮಾತಾಡಿದರೂ ಹೊಲದಲ್ಲಿ ನಿಂತು ಕೂಗಿದ ಹಾಗಿರುತ್ತದೆ. ಆದರೆ ಅದೇ ಓಣಿಯ ಧನಪಾಲನ ಹೆಂಡತಿ ತಾರಾಬಾಯಿ ಮೆಲ್ಲಗೆ ಮಾತಾಡುವವಳು. ಅವಳು ಏನಾದರೂ ಹೇಳಬೇಕಾದರೆ ಎದುರಿಗಿದ್ದವರು ಬಗ್ಗಿ ಕಿವಿ ಕೊಡಬೇಕು. ಹಾಗೆ ಕಿವಿ ಕೊಟ್ಟವರಿಗೆಲ್ಲ ಒಂದು ಮಾತು ಗೊತ್ತಾಗುತ್ತಿತ್ತು. ಇವಳು ಮೆಲ್ಲಗೆ ಹೇಳುತ್ತಾಳೆ, ಆದರೆ ಹೇಳಿದ್ದನ್ನು ಬದಲಿಸುವುದಿಲ್ಲ.

ಅವಳ ತವರು ಅಕ್ಕೋಳ. ಒಕ್ಕಲುತನದ ಜೈನರ ಮನೆ. ಹನ್ನೆರಡರ ಹುಡುಗಿಯಾಗಿದ್ದಾಗ ಊರಲ್ಲಿ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಎದುರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ನೇಮ ತೆಗೆದುಕೊಂಡಿದ್ದಳು. ಜೊತೆಗೆ ನೇಮ ಹಿಡಿದ ಹುಡುಗಿಯರಲ್ಲಿ ಕೆಲವರು ಒಂದು ಮಳೆಗಾಲಕ್ಕೆ ಬಿಟ್ಟರು, ಕೆಲವರು ಮದುವೆಯಾದ ಮೇಲೆ ಬಿಟ್ಟರು. ತಾರಾಬಾಯಿ ಬಿಡಲಿಲ್ಲ. ಬೋರಗಾಂವದ ಮನೆಯಲ್ಲಿ ಅದೇನೂ ಕಷ್ಟವೂ ಆಗಲಿಲ್ಲ, ಯಾಕೆಂದರೆ ಅತ್ತೆ ಲಕ್ಷ್ಮಿಬಾಯಿಯೂ ಅದೇ ನೇಮದವಳು. ಸಂಜೆ ಮಗ್ಗ ನಿಲ್ಲುವ ಮುಂಚೆಯೇ ಅತ್ತೆ ಸೊಸೆ ಇಬ್ಬರೂ ಉಂಡು ಕೈತೊಳೆದುಬಿಡುತ್ತಿದ್ದರು.

ಮದುವೆಯಾದ ಮರುವರ್ಷ ಒಂದು ಅನಾಹುತವಾಯಿತು. ಮಗ್ಗದ ಹತ್ತಿರ ಕಸ ಗುಡಿಸುತ್ತಿದ್ದಾಗ ಅವಳ ಸೆರಗು ಮೋಟಾರಿನ ಓಡುವ ಪಟ್ಟಾಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಎಡಗೈ ಪಟ್ಟಾದಡಿ ಸಿಕ್ಕಿ ಮಣಿಕಟ್ಟಿನ ಎಲುಬು ಮುರಿಯಿತು. ಎಲುಬು ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಆಮೇಲೆ ಆ ಕೈ ಭಾರ ತಡೆಯುತ್ತಿರಲಿಲ್ಲ. ಬೆಳಿಗ್ಗೆ ಸರಿಯಾಗಿದ್ದದ್ದು ಸಂಜೆಯ ಹೊತ್ತಿಗೆ ಸಣ್ಣಗೆ ಬಾತುಕೊಳ್ಳುತ್ತಿತ್ತು. ಹಬ್ಬಕ್ಕೆ ಕೈತುಂಬ ಬಳೆ ಇಟ್ಟರೆ ಮರುದಿನ ತೆಗೆಯಬೇಕು.

ಮಗ್ಗದ ಕೆಲಸ ಆಗುವುದಿಲ್ಲವೆಂದು ಅವಳ ಅಣ್ಣ ಒಂದು ಹೊಲಿಗೆ ಯಂತ್ರ ಕೊಡಿಸಿದ. ಬಟ್ಟೆ ಸರಿಸಲು ಎಡಗೈಯ ಬೆರಳು ಸಾಕು, ಉಳಿದದ್ದು ಬಲಗೈ ಮತ್ತು ಕಾಲಿನ ಕೆಲಸ. ಕೆಲವೇ ವರ್ಷಗಳಲ್ಲಿ ಓಣಿಯ ಜಂಪರುಗಳೆಲ್ಲ ತಾರಾಬಾಯಿಯ ಕೈಯಿಂದಲೇ ಬರುವಂತಾಯಿತು. ಚಿಕ್ಕೋಡಿಯ ಒಂದು ಮಹಿಳಾ ಮಂಡಳದವರು ಹೊಲಿಗೆ ಕಲಿಸುವವರನ್ನು ಹುಡುಕುತ್ತ ಬಂದಾಗ ನಾಲ್ಕು ಮನೆಯವರು ಅವಳ ಹೆಸರನ್ನೇ ಹೇಳಿದರು. ಅದು ಎಂಬತ್ತಾರನೆಯ ಇಸವಿ. ವಾರದಲ್ಲಿ ಎರಡು ದಿನ ಚಿಕ್ಕೋಡಿ, ಎರಡು ದಿನ ಕಾಗವಾಡ, ಒಂದು ದಿನ ರಾಯಬಾಗ. ಮನೆಯಿಂದ ಹೊರಗೆ ಒಬ್ಬಳೇ ಹೋಗದಿದ್ದ ಹೆಂಗಸು ಒಮ್ಮೆಲೇ ಮೂರು ಊರಿನ ಬಸ್ಸು ಹತ್ತಿದಳು.

ಧನಪಾಲ ಬೇಡ ಅನ್ನಲಿಲ್ಲ. ಮನಸ್ಸು ತುಂಬಿ ಹೂಂ ಅಂದನೆಂದೂ ಹೇಳುವ ಹಾಗಿಲ್ಲ. "ನಾಕ ದಿನಾ ಮಾಡ್ಲಿ, ಬಸ್ಸಿನ ಧೂಳ ಕುಡದ ಮ್ಯಾಲ ತಾನ ಬಿಡ್ತಾಳ" ಎಂದು ತಾಯಿಯ ಎದುರು ಅಂದನಂತೆ.

ತಾರಾಬಾಯಿಗೆ ಧೂಳು ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಹೊತ್ತು. ತರಗತಿ ಮುಗಿಸಿ ಬಸ್ಸು ಹಿಡಿದು ಮನೆ ಸೇರುವುದರೊಳಗೆ ಕತ್ತಲಾಗುತ್ತಿತ್ತು. ಹಾಗಾಗಿ ಸಂಜೆಯ ರೊಟ್ಟಿಯನ್ನೂ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ ದಾರಿಯಲ್ಲೇ ಉಣ್ಣಬೇಕು. ಬಿಸಿಲಿನ ದಿನಗಳಲ್ಲಿ ತೊಂದರೆ ಇರಲಿಲ್ಲ. ಕಬ್ಬಿನ ಗದ್ದೆಯ ಮೇಲೆ ಸೂರ್ಯ ಎಷ್ಟು ಎತ್ತರ ಇದ್ದಾನೆ ನೋಡಿದರಾಯಿತು. ಮಳೆಗಾಲ ಬಂದಾಗ ಆಕಾಶ ಮುಚ್ಚಿಕೊಂಡಿತು. ಮೂರು ಗಂಟೆಗೂ ಆರೂವರೆಗೂ ಒಂದೇ ಬೂದು ಬೆಳಕು. ಪಕ್ಕದವರನ್ನು ಕೇಳೋಣವೆಂದರೆ ಬಸ್ಸಿನಲ್ಲಿ ವಾಚು ಕಟ್ಟಿದವರೆಲ್ಲ ಗಂಡಸರು. ಒಮ್ಮೆ ಎಷ್ಟಾಯಿತ್ರಿ ಎಂದು ಕೇಳಿದ್ದಕ್ಕೆ ಒಬ್ಬ, ಯಾವ ಊರು, ಯಾರ ಮನೆ, ಗಂಡ ಏನು ಮಾಡುತ್ತಾನೆ ಎಂದು ಸದಲಗಾ ಬರುವವರೆಗೂ ವಿಚಾರಿಸಿದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಸಂಶಯ ಬಂದರೆ ಡಬ್ಬಿ ತೆರೆಯದೆ ಹಾಗೆಯೇ ಮನೆಗೆ ಬರುತ್ತಿದ್ದಳು. ಬಂದು ನೀರನ್ನೂ ಕುಡಿಯದೆ ಮಲಗುತ್ತಿದ್ದಳು.

ಶ್ರಾವಣದಲ್ಲಿ ಹಾಗೆ ಉಪವಾಸದ ಸಂಜೆಗಳು ಹೆಚ್ಚಾದವು. ಒಂದು ದಿನ ರಾಯಬಾಗದ ತರಗತಿಯಲ್ಲಿ ಬಟ್ಟೆ ಕತ್ತರಿಸಿ ತೋರಿಸುತ್ತಿದ್ದವಳು ಕತ್ತರಿ ಹಿಡಿದುಕೊಂಡೇ ಕುಸಿದು ಕೂತಳು. ಹುಡುಗಿಯರು ಮುಖಕ್ಕೆ ನೀರು ಹೊಡೆದು ಎಬ್ಬಿಸಿದರು. ಸುದ್ದಿ ಅವಳಿಗಿಂತ ಮುಂಚೆ ಬೋರಗಾಂವ ಮುಟ್ಟಿತ್ತು.

ಧನಪಾಲ ಮಗ್ಗ ನಿಲ್ಲಿಸಿ ಒಳಗೆ ಬಂದ. "ಸಾಕಿದು. ನಾಳಿಂದ ಹೋಗೂದ ಬ್ಯಾಡ. ಉಣ್ಣಾಕ ಬಿಡದ ನೌಕರಿ ಯಾತಕ್ಕ ಬೇಕ?"

"ನೌಕರಿ ಉಣಬ್ಯಾಡ ಅಂದಿಲ್ಲ" ಎಂದಳು ತಾರಾಬಾಯಿ. "ಹೊತ್ತ ಎಷ್ಟಾತು ಅನ್ನೂದ ತಿಳೀವಲ್ದು, ಅಷ್ಟ."

"ಹಂಗಾರ ನೇಮರ ಬಿಡು. ದಾರೀಮ್ಯಾಗ ಇದ್ದವ್ರಿಗೆ ಸೂಟ ಇರತೈತಿ, ದೋಷ ಇಲ್ಲ."

"ನೇಮಾನೂ ಬಿಡೂದಿಲ್ಲ, ನೌಕರೀನೂ ಬಿಡೂದಿಲ್ಲ. ಒಂದ ವಾಚ್ ತಗೋತೇನಿ."

ಧನಪಾಲ ನಕ್ಕ. ಅವರ ಮನೆತನದಲ್ಲಿ ಹೆಂಗಸರು ವಾಚು ಕಟ್ಟಿದ್ದು ಅಲ್ಲಿಯವರೆಗೆ ಇರಲಿಲ್ಲ. ಆದರೂ ತನ್ನ ಕೈಯಲ್ಲಿದ್ದ ಎಚ್‌ಎಂಟಿ ವಾಚನ್ನು ಬಿಚ್ಚಿ ಅವಳ ಮುಂದಿಟ್ಟ. ಮದುವೆಯಲ್ಲಿ ಮಾವನ ಮನೆಯವರು ಹಾಕಿದ್ದ ವಾಚು ಅದು, ಉಕ್ಕಿನ ಚೈನಿನದು. ತಾರಾಬಾಯಿ ಅದನ್ನು ಕಟ್ಟಿಕೊಂಡು ಎರಡು ದಿನ ಕಾಗವಾಡಕ್ಕೆ ಹೋಗಿ ಬಂದಳು. ಎರಡನೆಯ ಸಂಜೆ ಮಣಿಕಟ್ಟು ಬಾತು, ಚೈನಿನ ಗುರುತು ಚರ್ಮದ ಮೇಲೆ ಅಚ್ಚೊತ್ತಿತ್ತು. ಬಲಗೈಗೆ ಕಟ್ಟಿ ನೋಡಿದಳು. ಕತ್ತರಿ ಹಿಡಿದಾಗ ಅಡ್ಡ ಬಂತು, ಬಟ್ಟೆಯ ಎಳೆ ಚೈನಿಗೆ ಸಿಕ್ಕಿ ಹರಿಯಿತು. ಕೈಚೀಲದಲ್ಲಿ ಹಾಕಿಕೊಂಡರೆ, ತುಂಬಿದ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು ನಿಂತಾಗ ಚೀಲ ತೆರೆಯುವುದು ಯಾವ ಕೈಯಿಂದ? ಮೂರನೆಯ ದಿನ ವಾಚು ಗಂಡನ ಕೈಗೆ ಮರಳಿತು.

"ನೋಡಿದಿ? ವಾಚ್ ಅಂದ್ರ ಬಳಿ ಅಲ್ಲ" ಎಂದ ಧನಪಾಲ.

"ಇದಕ್ಕಿಂತ ಹಗರಂದು ಎಲ್ಲರ ಇದ್ದಿರಬೇಕು" ಎಂದಳು ಅವಳು.

ಅಲ್ಲಿಂದ ಶುರುವಾಯಿತು ಅವಳ ಹುಡುಕಾಟ. ಬಸ್ಸು ಇಳಿದು ತರಗತಿಗೆ ಹೋಗುವ ದಾರಿಯಲ್ಲಿ ವಾಚಿನ ಅಂಗಡಿ ಕಂಡರೆ ನಿಲ್ಲುವುದು, ಗಾಜಿನೊಳಗೆ ನೋಡುವುದು, ಧೈರ್ಯ ಬಂದರೆ ಒಳಗೆ ಹೋಗುವುದು. ಮೊದಲು ಧೈರ್ಯ ಬಂದದ್ದು ಚಿಕ್ಕೋಡಿಯ ಪೇಟೆಯಲ್ಲಿ, ಆಬಾಸಾಹೇಬ ಎಂಬ ವ್ಯಾಪಾರಿಯ ಅಂಗಡಿಯಲ್ಲಿ. ಆಬಾಸಾಹೇಬ ಮಾತಿನ ಮಲ್ಲ. ಅವಳು ಬಾಯಿ ತೆರೆಯುವ ಮುಂಚೆಯೇ ನೀಲಿ ಮಖಮಲ್ಲಿನ ತಟ್ಟೆಯನ್ನು ಮುಂದೆ ಸರಿಸಿದ.

"ಬರ್ರಿ ವೈನಿ, ಕೂಡ್ರಿ. ಮದವಿ ಮಾಲ ಬೇಕೋ, ದಿನಾ ಕಟ್ಟೂದ ಬೇಕೋ?"

"ದಿನಾ ಕಟ್ಟೂದ ಬೇಕ್ರಿ. ಬಸ್ಸಿನ್ಯಾಗ ಅಡ್ಡಾಡಾಕ. ಹಗರ ಇರಬೇಕು."

ಅವನು ತೋರಿಸಿದ ಹೆಂಗಸರ ವಾಚುಗಳೆಲ್ಲ ಬಂಗಾರದ ನೀರು ಕುಡಿಸಿದ ಚೈನಿನವು, ಬಳೆಯ ಹಾಗೆ ಬಿಗಿ. ಬೆಲೆ ಕೇಳಿ ಅವಳು ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಆಗ ಅವನು ಕೆಳಗಿನ ಖಾನೆಯಿಂದ ಒಂದು ಸಣ್ಣ ವಾಚು ತೆಗೆದ. ಕಾಸಿನಗಲದ ಮುಖ, ಕಂದು ಪಟ್ಟಿ. ಕೈಮೇಲೆ ಇಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ತಾರಾಬಾಯಿಯ ಮುಖ ಅರಳಿತು. ಕಟ್ಟಿಕೊಳ್ಳಲು ಕೈ ಚಾಚಿದವಳು ಒಂದು ಮಾತು ಕೇಳಿದಳು.

"ಈ ಪಟ್ಟಾ ಯಾತರದ್ದರಿ?"

"ಅಸಲಿ ಚರ್ಮಾ ನೋಡ್ರಿ ವೈನಿ, ಹತ್ತ ವರ್ಷ ಏನೂ ಆಗೂದಿಲ್ಲ" ಎಂದ ಆಬಾಸಾಹೇಬ ಅಭಿಮಾನದಿಂದ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕಾಲಿಗೆ ಕೂಡ ರಬ್ಬರಿನ ಚಪ್ಪಲಿಯನ್ನೇ ಹಾಕುವವಳು, ಚರ್ಮವನ್ನು ಕೈಗೆ ಕಟ್ಟಿಕೊಂಡು ಉಣ್ಣಲು ಕೂರುವುದು ಹೇಗೆ? ಆಬಾಸಾಹೇಬನಿಗೂ ತಿಳಿಯಿತು. ಊರಲ್ಲಿ ಅರ್ಧ ಗಿರಾಕಿಗಳು ಜೈನರೇ. ಆದರೆ ಗಂಡಸರು ಚೈನು ಕೊಳ್ಳುತ್ತಾರೆ, ಹೆಂಗಸರು ವಾಚು ಕೇಳುವುದೇ ಕಡಿಮೆ. ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಹುಡುಕಿ ತೆಗೆದ. ಅದು ದೊಡ್ಡ ವಾಚಿನದು, ಈ ಪುಟ್ಟ ವಾಚಿನ ಕೊಂಡಿಗೆ ಕೂಡಲಿಲ್ಲ.

"ಮುಂದಿನ ಸಲ ಮುಂಬೈ ಮಾಲ ಬಂದಾಗ ನೋಡೂಣು" ಎಂದ. ಮುಂಬೈ ಮಾಲು ಬಂತು, ಅದರಲ್ಲಿ ಅವಳಿಗೆ ಬೇಕಾದದ್ದು ಬರಲಿಲ್ಲ.

ಕಾಗವಾಡದ ತರಗತಿಯಲ್ಲಿ ದ್ರೌಪದಿ ಎಂಬ ಹುಡುಗಿ ಇದ್ದಳು. ದ್ರಾಕ್ಷಿ ತೋಟದವರ ಮಗಳು. ಹೊಲಿಗೆಗಿಂತ ಮಾತು ಚುರುಕು. ಟೀಚರ್ ಬಾಯಿ ವಾಚು ಹುಡುಕುತ್ತಿದ್ದಾರೆಂದು ತಿಳಿದು, ಹಣ್ಣಿನ ಪೆಟ್ಟಿಗೆ ಮಿರಜಿಗೆ ಹೋದಾಗ ಅಣ್ಣನಿಗೆ ಹೇಳಿ ಒಂದು ಕಪ್ಪು ವಾಚು ತರಿಸಿದಳು. ಮುಳ್ಳಿಲ್ಲ, ಬರೀ ಅಂಕಿ ಮೂಡುವ ಪ್ಲಾಸ್ಟಿಕ್ ವಾಚು. ಪೇಟೆಯಲ್ಲಿ ಚಾದರ ಹಾಸಿ ಗುಡ್ಡೆ ಹಾಕಿ ಮಾರುವಂಥದು, ಒಂದು ಜಂಪರು ಹೊಲಿಸಿದಷ್ಟು ಬೆಲೆ.

"ಹುಡುಗೂರ ವಾಚ್ ಐತ್ರಿ ಬಾಯಿ, ಆದ್ರ ಹಗರ ಐತಿ" ಎಂದಳು ದ್ರೌಪದಿ.

ನಿಜಕ್ಕೂ ಹಗುರವಾಗಿತ್ತು. ಚರ್ಮವೂ ಅಲ್ಲ, ಚೈನೂ ಅಲ್ಲ. ಬಸ್ಸಿನಲ್ಲಿ ಹುಡುಗರು ಕಣ್ಣು ಮಿಟುಕಿಸಿ ನಕ್ಕರೂ ತಾರಾಬಾಯಿ ತಲೆ ಕೆಡಿಸಿಕೊಳ್ಳಲಿಲ್ಲ. ಪಂಚಾಂಗದಲ್ಲಿ ಆ ದಿನದ ಸೂರ್ಯಾಸ್ತ ನೋಡಿಕೊಂಡು ಹೊರಡುವುದು, ಅದಕ್ಕೆ ಮುಂಚೆ ಡಬ್ಬಿ ತೆರೆಯುವುದು. ಆ ಬೇಸಿಗೆ, ಮುಂದಿನ ಮಳೆಗಾಲದ ಬಹುಪಾಲು, ಅವಳು ನೆಮ್ಮದಿಯಿಂದ ಉಂಡಳು. ಕೆನ್ನೆ ತುಂಬಿಕೊಂಡವು. ಬೆವರಿಗೆ ಪಟ್ಟಿಯ ಕೆಳಗೆ ಸಣ್ಣ ಗುಳ್ಳೆ ಏಳುತ್ತಿದ್ದವು. ಕೊಬ್ಬರಿ ಎಣ್ಣೆ ಸವರಿಕೊಂಡು ಸಹಿಸಿದಳು.

ಆಶ್ವೀಜದ ಒಂದು ಸಂಜೆ ಚಿಕ್ಕೋಡಿಯಲ್ಲಿ ಮೋಡ ಕವಿದು ಗುಡುಗುತ್ತಿತ್ತು. ರಾಯಬಾಗದ ಬಸ್ಸಿನಿಂದ ಇಳಿದವಳು ನಿಲ್ದಾಣದ ಕಟ್ಟೆಯ ಮೇಲೆ ಕೂತು ವಾಚು ನೋಡಿದಳು. ಐದು ಇಪ್ಪತ್ತು. ಕತ್ತಲು ಹೆಚ್ಚೇ ಇತ್ತು, ಆದರೆ ಅದು ಮಳೆಯ ಕತ್ತಲೆಂದುಕೊಂಡಳು. ನಿಧಾನವಾಗಿ ರೊಟ್ಟಿ, ಶೇಂಗಾ ಚಟ್ನಿ ಉಂಡಳು. ಡಬ್ಬಿ ಮುಚ್ಚುವಾಗ ಪಕ್ಕದಲ್ಲಿದ್ದ ಮುದುಕಿಯೊಬ್ಬಳು, "ಆರೂವರಿ ಗಾಡಿ ಬಂತ ನೋಡವ್ವ" ಎಂದು ಗಂಟು ಎತ್ತಿಕೊಂಡು ಎದ್ದಳು.

ತಾರಾಬಾಯಿ ವಾಚನ್ನು ಕಣ್ಣಿಗೆ ಹತ್ತಿರ ಹಿಡಿದಳು. ಹಿಂದಿನ ವಾರದ ಮಳೆಯಲ್ಲಿ ಅದರೊಳಗೆ ನೀರು ಹೋಗಿತ್ತು. ಆರರ ಅಂಕಿಯ ಒಂದು ಗೆರೆ ಅಳಿಸಿಹೋಗಿ ಅದು ಐದರಂತೆ ಕಾಣುತ್ತಿತ್ತು. ಅವಳು ಉಂಡದ್ದು ಹೊತ್ತು ಮುಳುಗಿದ ಮೇಲೆ.

ಆ ದಾರಿಯನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಹನ್ನೆರಡರ ವಯಸ್ಸಿನಿಂದ ಒಂದು ದಿನವೂ ತಪ್ಪದ ನೇಮ. ಮನೆಗೆ ಬಂದವಳು ನೇರ ಅತ್ತೆಯ ಹತ್ತಿರ ಹೋಗಿ ಕೂತಳು. ನಡೆದದ್ದನ್ನು ಹೇಳಿದಳು. ಹೇಳುತ್ತ ಕಣ್ಣೀರು ಬಂತು. ಲಕ್ಷ್ಮಿಬಾಯಿ ಕಡಕ್ ಹೆಂಗಸು, ಊರಿನ ಎಷ್ಟೋ ಸೊಸೆಯರು ಅವಳೆದುರು ತಲೆ ಎತ್ತುತ್ತಿರಲಿಲ್ಲ. ಬಯ್ಯುತ್ತಾಳೆಂದು ತಾರಾಬಾಯಿ ಕಾದಳು.

"ತಿಳದ ಉಂಡೀಯೇನ?" ಎಂದಳು ಅತ್ತೆ.

"ಇಲ್ಲ ಅತ್ತಿ."

"ಹಂಗಾರ ನಾಳೆ ಉಪಾಸ ಮಾಡು, ಬಸದೀಗ ಹೋಗಿ ಕೈ ಮುಗದ ಬಾ. ಮುಗೀತು. ಅದಕ್ಕ ಇಷ್ಟ ಅಳೂದ ಬ್ಯಾಡ." ಆಮೇಲೆ ಸೊಸೆಯ ಮಣಿಕಟ್ಟಿನ ಕಡೆ ಬೊಟ್ಟು ಮಾಡಿ ಅಂದಳು. "ಆ ಕರೀ ಡಬ್ಬಿ ಮಾತ್ರ ನನ್ನ ಕಣ್ಣಿಗೆ ಕಾಣಸಬ್ಯಾಡ. ಬ್ಯಾರೆ ನೋಡು."

ಹೊರಗೆ ಕೂತಿದ್ದ ಧನಪಾಲ ಇದೇ ಸಮಯವೆಂದು ಒಳಗೆ ಬಂದ. "ಅದಕ್ಕ ಹೇಳಿದ್ನಿ ನಾ, ನೌಕರೀ..."

"ನೀ ಸುಮ್ನಿರೋ" ಎಂದಳು ಲಕ್ಷ್ಮಿಬಾಯಿ. "ವಾಚ್ ಕೆಟ್ರ ವಾಚ್ ಬದಲ ಮಾಡ್ತಾರ. ನಿನ್ನ ಮಗ್ಗ ಕೆಟ್ಟಾಗ ಮನೀ ಮಾರಿದಿ ಏನ?"

ಧನಪಾಲ ಬಂದ ದಾರಿಯಲ್ಲೇ ಹೊರಗೆ ಹೋದ. ಸೊಸೆಗೆ ಆ ಹೊತ್ತಿನಲ್ಲೂ ನಗು ಬಂತು.

ಮುಂದಿನ ಮಾಘದಲ್ಲಿ ಹುಡುಗಿಯರ ಹೊಲಿಗೆ ಪರೀಕ್ಷೆ ಅಥಣಿಯಲ್ಲಿ ನಡೆಯಿತು. ಮೂರೂ ಊರಿನವರನ್ನು ಕರೆದುಕೊಂಡು ತಾರಾಬಾಯಿ ಹೋದಳು. ಹುಡುಗಿಯರು ಒಳಗೆ ಪರೀಕ್ಷೆಗೆ ಕೂತಾಗ ಅವಳಿಗೆ ಬೇರೆ ಕೆಲಸವಿರಲಿಲ್ಲ, ಪೇಟೆ ಸುತ್ತಿದಳು. ಅಥಣಿಯ ಪೇಟೆಯೆಂದರೆ ಎಲ್ಲಿ ನೋಡಿದರೂ ಚರ್ಮದ ಚಪ್ಪಲಿ. ತೋರಣ ಕಟ್ಟಿದ ಹಾಗೆ ಜೋತುಬಿದ್ದ ಚಪ್ಪಲಿಗಳ ನಡುವೆ, ಒಂದು ಮೆಟ್ಟಿಲಿನಗಲದ ಅಂಗಡಿಯಲ್ಲಿ ಜ್ಞಾನದೇವ ಎಂಬ ವಾಚು ರಿಪೇರಿಯವನು ಕೂತಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಏನನ್ನೋ ಕೆದಕುತ್ತಿದ್ದ.

"ಹಗರ ಇರಬೇಕು, ದಿನಾ ಕಟ್ಟಾಕ ಬರಬೇಕು, ಬಾಳ ತುಟ್ಟಿ ಇರಬಾರ್ದು" ಎಂದು ಅವಳು ಮೂರು ಊರಲ್ಲಿ ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಒಪ್ಪಿಸಿದಳು. "ಚರ್ಮದ ಪಟ್ಟಾ ಬ್ಯಾಡ್ರಿ."

ಜ್ಞಾನದೇವ ಮಸೂರ ತೆಗೆದು, ಎದುರಿನ ಚಪ್ಪಲಿ ಅಂಗಡಿಗಳ ಕಡೆ ನೋಡಿ, ಸಣ್ಣಗೆ ನಕ್ಕ. "ಎಂಥಾ ಊರಿಗೆ ಬಂದ ಏನ ಕೇಳಾಕತ್ತೀರಿ ವೈನಿ." ಆಮೇಲೆ ತಗಡಿನ ಡಬ್ಬಿಯೊಂದನ್ನು ಕೆದಕಿ ಒಂದು ವಾಚು ತೆಗೆದುಕೊಟ್ಟ. ಹೆಂಗಸರ ವಾಚು. ಬಿಳಿಯ ಪ್ಲಾಸ್ಟಿಕ್ ಕವಚ, ಸೆಲ್ಲಿನಿಂದ ನಡೆಯುವಂಥದು, ದಪ್ಪ ಅಂಕಿ, ಕಪ್ಪು ಮುಳ್ಳು. ಯಾರೋ ಮದುಮಗಳಿಗೆ ಕೊಡಿಸಿದ್ದರಂತೆ. ಅವಳಿಗೆ ಬಂಗಾರದ ಬಣ್ಣದ್ದೇ ಬೇಕಾಗಿತ್ತಂತೆ. ಇದನ್ನು ಕೊಟ್ಟು ಬೇರೆಯದು ಒಯ್ದಿದ್ದಳು, ಪಟ್ಟಿ ಮಾತ್ರ ಬಿಚ್ಚಿಕೊಂಡು.

ತಾರಾಬಾಯಿ ಅದನ್ನು ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. ಭಾರವೇ ಇರಲಿಲ್ಲ. ಮುಳ್ಳು ಸ್ಪಷ್ಟವಾಗಿ ಕಾಣುತ್ತಿತ್ತು, ಯಾವ ಗೆರೆಯೂ ಅಳಿಸಿಹೋಗುವಂಥದಲ್ಲ.

"ಒಳಗ ನೀರ ಹೋಗತೈತೇನ್ರಿ?"

"ತೊಯ್ಸಬ್ಯಾಡ್ರಿ ಮತ್ತ. ಮಳೀ ಹನಿಗೆ ಏನೂ ಆಗೂದಿಲ್ಲ. ಆದ್ರ ಈ ಅಳತೀ ಪಟ್ಟಾ ಚರ್ಮದ್ದ ಬರತಾವು. ಬ್ಯಾರೆ ನನ್ನ ಕಡೆ ಇಲ್ಲ, ಸುಳ್ಳ ಯಾಕ ಹೇಳ್ಲಿ."

ಪಟ್ಟಿಯಿಲ್ಲದ ವಾಚನ್ನು ಅವನು ಅರ್ಧ ಬೆಲೆಗೆ ಕೊಟ್ಟ. ಅದಕ್ಕೆ ಪಟ್ಟಿ ಎಲ್ಲಿಂದ ತರುವುದು ಎಂಬ ಯೋಚನೆಯಿಲ್ಲದೆಯೇ ಅವಳು ಕೊಂಡುಬಿಟ್ಟಳು. ಪರೀಕ್ಷೆ ಮುಗಿಸಿ ಬಂದ ದ್ರೌಪದಿ ಬಸ್ಸಿನಲ್ಲಿ ವಾಚನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎರಡೂ ಬದಿಯ ಕೊಂಡಿಗಳಲ್ಲಿ ತೆಳ್ಳನೆಯ ಕಡ್ಡಿ ಇದ್ದವು.

"ಬಾಯಿ, ಇದರಾಗ ಲಂಗದ ಲಾಡಿ ಏರಸಿದಂಗ ಏನರ ಏರಸಬೌದಲ್ರಿ?"

ಹುಡುಗಿ ಚೇಷ್ಟೆಗೆ ಅಂದದ್ದು. ತಾರಾಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದವಳು ಥಟ್ಟನೆ ಇತ್ತ ತಿರುಗಿದಳು. ಎರಡು ವರ್ಷದಿಂದ ಊರೂರು ಅಲೆದು ಬೇರೆಯವರ ಅಂಗಡಿಯಲ್ಲಿ ಕೇಳಿದ್ದಳು. ತಾನೇ ಹೊಲಿಯಬಹುದೆಂದು ಹೊಳೆದಿರಲಿಲ್ಲ.

ಹೊಳೆದದ್ದು ಕೈಗೂಡಲು ಒಂದು ತಿಂಗಳು ಹಿಡಿಯಿತು. ಮೊದಲು ಜಂಪರಿನ ತುಂಡನ್ನು ಮಡಿಸಿ ಹೊಲಿದಳು. ಎರಡು ದಿನದ ಬೆವರಿಗೆ ಅದು ಹಗ್ಗದ ಹಾಗೆ ಸುತ್ತಿಕೊಂಡಿತು. ಮಂಚದ ನವಾರದ ಪಟ್ಟಿ ಕತ್ತರಿಸಿದಳು, ದಪ್ಪವಾಗಿ ಕಡ್ಡಿಯ ಸಂದಿಯಲ್ಲಿ ಹೋಗಲಿಲ್ಲ. ರಿಬ್ಬನ್ನು ಜಾರಿತು. ಧನಪಾಲ ದಿನಾ ಸಂಜೆ ಇದನ್ನೆಲ್ಲ ಓರೆಗಣ್ಣಿನಿಂದ ನೋಡುತ್ತಿದ್ದ. ಕಡೆಗೆ ಒಂದು ದಿನ ತಾನಾಗಿಯೇ ಬಂದು ಅವಳ ಯಂತ್ರದ ಮೇಲೆ ಸೀರೆಯ ಅಂಚಿನ ಉದ್ದನೆಯ ತುಂಡೊಂದನ್ನು ಇಟ್ಟ.

"ಬರೀ ಜಂಪರಿನ ಅರಿವಿ ಹಿಗ್ಗತೈತಿ. ಅಂಚಿನ್ಯಾಗ ಎಳಿ ಒತ್ತ ಇರತಾವು. ಇದನ್ನ ಹಾಕಿ ನೋಡು."

ಅಂಚನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಅದರ ಮೇಲೆ ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿದಾಗ ತೆಳುವಾದ, ಮಡಿಚಿದರೂ ಮುದುಡದ ಪಟ್ಟಿಯಾಯಿತು. ಅದನ್ನು ಎರಡೂ ಕಡ್ಡಿಯ ಕೆಳಗಿನಿಂದ ಏರಿಸಿದಳು. ತುದಿಗೆ ಟಿಚ್ ಬಟನ್ ಹಾಕಿದಳು. ಒಂದಲ್ಲ, ಎರಡು ಸಾಲು. ಬೆಳಿಗ್ಗೆ ಬಿಗಿಯ ಸಾಲು, ಸಂಜೆ ಕೈ ಬಾತಾಗ ಸಡಿಲಿನ ಸಾಲು. ಎರಡು ಪಟ್ಟಿ ಹೊಲಿದುಕೊಂಡಳು, ಒಂದು ಒಗೆದು ಒಣಗಹಾಕಿದಾಗ ಇನ್ನೊಂದು.

ಮರುದಿನ ಕಾಗವಾಡದಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚಳಿಗಾಲದ ಕೊನೆ, ದೂರದ ಸಕ್ಕರೆ ಕಾರ್ಖಾನೆಯ ಹೊಗೆ ಪಡುವಣದಲ್ಲಿ ಹರಡಿ ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ತಾರಾಬಾಯಿ ಮಣಿಕಟ್ಟು ತಿರುಗಿಸಿ ನೋಡಿದಳು. ಇನ್ನೂ ಬೇಕಾದಷ್ಟು ಹೊತ್ತಿತ್ತು. ಡಬ್ಬಿ ತೆರೆದು, ಪಕ್ಕದಲ್ಲಿದ್ದ ಹೆಂಗಸಿಗೂ ಅರ್ಧ ರೊಟ್ಟಿ ಮುರಿದು ಕೊಟ್ಟು, ಅವಸರವಿಲ್ಲದೆ ಉಂಡಳು. ಆ ದಿನ ವಾಚು ಕಟ್ಟಿದ್ದು ಅವಳ ಕೈಗೆ ಗೊತ್ತಾಗಲೇ ಇಲ್ಲ. ಮನೆಗೆ ಬಂದು ಪಾತ್ರೆ ತೊಳೆಯಲು ಹೋದಾಗ ಅತ್ತೆಯೇ ಕೂಗಿದಳು. "ವಾಚ್ ತಗದ ಇಡ ತಾರಾ, ನೀರಾಗ ಕೈ ಹಾಕಬ್ಯಾಡ."

ಇದಾದ ಮೇಲೆ ನಡೆದದ್ದನ್ನು ಅವಳು ಅಂದುಕೊಂಡಿರಲಿಲ್ಲ. ಮೊದಲು ದ್ರೌಪದಿ ತನಗೊಂದು ಪಟ್ಟಿ ಬೇಕೆಂದಳು. ಆಮೇಲೆ ಬಸದಿಗೆ ಬರುವ ಹೆಂಗಸರು ಕೈ ಹಿಡಿದು ನೋಡಿದರು. ಪೆಟ್ಟಿಗೆಯ ತಳದಲ್ಲಿ ಚರ್ಮದ ಪಟ್ಟಿಯ ವಾಚುಗಳನ್ನು ಇಟ್ಟುಕೊಂಡು ಕಟ್ಟದೆ ಬಿಟ್ಟವರು ಊರಲ್ಲಿ ಎಷ್ಟು ಜನ ಇದ್ದರೆಂದು ಆಗ ತಿಳಿಯಿತು. ಮಗಳಿಗೆ ಮದುವೆಯಲ್ಲಿ ಬಂದದ್ದು, ಕಾಲೇಜಿಗೆ ಹೋಗುವವಳಿಗೆ ಮಾಮಾ ಕೊಡಿಸಿದ್ದು. ಒಬ್ಬೊಬ್ಬರಾಗಿ ತಂದು ಯಂತ್ರದ ಮೇಲೆ ಇಟ್ಟರು. ಚಿಕ್ಕೋಡಿಯ ಆಬಾಸಾಹೇಬನೂ ಒಂದು ದಿನ ಅವಳ ಕೈ ನೋಡಿ ಅಂಗಡಿಯಿಂದ ಹೊರಗೆ ಇಳಿದು ಬಂದ.

"ವೈನಿ, ಇದೆಲ್ಲಿ ಸಿಕ್ತ್ರಿ? ಮುಂಬೈ ಮಾಲ ಏನ?"

"ಬೋರಗಾಂವದ್ದರಿ" ಎಂದಳು ತಾರಾಬಾಯಿ.

"ಹಂಗಾರ ನನಗ ಒಂದ ಡಜನ್ ಕೊಡ್ರಿ. ನಾಕ ಬಣ್ಣದಾಗ."

ಅವಳು ಅದನ್ನು ತರಗತಿಯ ಪಾಠ ಮಾಡಿದಳು. ಹೊಸದಾಗಿ ಯಂತ್ರಕ್ಕೆ ಕೂತ ಹುಡುಗಿಯರಿಗೆ ನೇರ ಹೊಲಿಗೆ ಬರುವುದಿಲ್ಲ, ಹಾವಿನಂತೆ ಓಡುತ್ತದೆ. ಮೊದಲೆಲ್ಲ ಚಿಂದಿಯ ಮೇಲೆ ಹೊಲಿಸಿ ಎಸೆಯುತ್ತಿದ್ದಳು. ಈಗ ಅಂಚಿನ ಮೇಲೆ ಹೊಲಿಸಿದಳು. ಸೊಟ್ಟಗಾದದ್ದು ಅವರವರ ಕೈಗೆ, ನೆಟ್ಟಗಾದದ್ದು ಆಬಾಸಾಹೇಬನ ಅಂಗಡಿಗೆ. ಅದರಿಂದ ಬಂದದ್ದನ್ನು ಹುಡುಗಿಯರೇ ಹಂಚಿಕೊಂಡರು, ಬಸ್ಸಿನ ಪಾಸಿಗೆ ಆಯಿತು. ಧನಪಾಲನಂತೂ ಸಿಕ್ಕವರಿಗೆಲ್ಲ, "ಅಂಚ ನಮ್ಮ ಮಗ್ಗದ್ದು" ಎಂದು ಹೇಳತೊಡಗಿದ. ಹೆಂಡತಿಗೆ ಬೇಕೆಂದು ನೀಲಿ, ಕುಂಕುಮ, ಹಸಿರು ನೂಲು ಹಾಕಿ ಅಂಚುಗಳನ್ನು ನೇಯ್ದುಕೊಟ್ಟ.

ತೊಂಬತ್ತಮೂರರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಬೋರಗಾಂವ, ಅಕ್ಕೋಳದ ಮನೆಗಳಿಂದ ಒಂದು ಬಸ್ಸು ತುಂಬ ಜನ ಹೊರಟರು. ಲಕ್ಷ್ಮಿಬಾಯಿಗೆ ಆಗ ಎಪ್ಪತ್ತರ ಹತ್ತಿರ. ಹೊರಡುವ ಹಿಂದಿನ ದಿನ ಸೊಸೆಯ ಯಂತ್ರದ ಹತ್ತಿರ ಬಂದು ನಿಂತಳು.

"ಅಷ್ಟ ದೂರ ಹೋಗೂದು. ನನ್ನ ಕೈಗೂ ಒಂದ ಇರ್ಲಿ ನೋಡು."

"ನಿಮಗ ಗಂಟಿ ನೋಡಾಕ ಬರತೈತಿ ಅತ್ತಿ?"

"ನೀ ಕಲಸು. ರಾಯಬಾಗದವ್ರಿಗೆ ಕಲಸ್ತಿ, ನನಗ ಕಲಸಾಕ ಆಗೂದಿಲ್ಲೇನ?"

ಆ ಸಂಜೆ ಸೊಸೆ ಅತ್ತೆಗೆ ದೊಡ್ಡ ಮುಳ್ಳು ಸಣ್ಣ ಮುಳ್ಳು ಹೇಳಿಕೊಟ್ಟಳು. ಆಬಾಸಾಹೇಬನಲ್ಲಿ ಕೊಂಡಿದ್ದ ಒಂದು ಹಗುರ ವಾಚಿಗೆ ಕುಂಕುಮದ ಬಣ್ಣದ ಪಟ್ಟಿ ಏರಿಸಿ ಕಟ್ಟಿದಳು. ಮುದುಕಿ ದಾರಿಯುದ್ದಕ್ಕೂ ಪಕ್ಕದವರು ಕೇಳದಿದ್ದರೂ ಗಂಟೆ ಹೇಳುತ್ತಿದ್ದಳು, ಅರ್ಧಕ್ಕರ್ಧ ತಪ್ಪು.

ಎರಡನೆಯ ದಿನದ ಸಂಜೆ ಬಸ್ಸು ಚನ್ನರಾಯಪಟ್ಟಣ ಇನ್ನೂ ದೂರವಿರುವಾಗ ತಾರಾಬಾಯಿ ಎದ್ದು ಚಾಲಕನ ಹಿಂದೆ ಹೋಗಿ ನಿಂತಳು.

"ಗಾಡಿ ನಿಲ್ಲಸ್ರಿ. ಎಲ್ಲಾರೂ ಉಣಬೇಕು."

"ಇನ್ನೊಂದ ತಾಸಿಗೆ ಊರ ಬರ್ತೈತ್ರಿ ಅಕ್ಕಾರ. ಅಲ್ಲೆ ಲೈಟ ಇರ್ತಾವು, ನಳ ಇರ್ತಾವು."

"ಊರ ಬರೂದ್ರಾಗ ಹೊತ್ತ ಹೋಗಿರತೈತಿ. ಇಲ್ಲೇ ನಿಲ್ಲಸ್ರಿ."

ಅವಳ ದನಿ ಎಂದಿನಂತೆ ಮೆಲ್ಲಗೇ ಇತ್ತು. ಚಾಲಕ ಕನ್ನಡಿಯಲ್ಲಿ ಅವಳ ಮುಖ ನೋಡಿ ಒಂದು ತೆಂಗಿನ ತೋಟದ ಬದಿಗೆ ಬಸ್ಸು ನಿಲ್ಲಿಸಿದ. ಚಾಪೆ ಹಾಸಿದರು, ಬುತ್ತಿ ಬಿಚ್ಚಿದರು. ಧನಪಾಲ ನೀರಿನ ಕೊಡ ಹಿಡಿದು ಸಾಲಿನಲ್ಲಿ ಬಡಿಸುತ್ತ ಹೋದ. ಚಾಲಕನಿಗೂ ಒಂದು ಎಲೆ ಹಾಕಿದರು. ಅವನು ಶೇಂಗಾ ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಎಲ್ಲರೂ ಕೈ ತೊಳೆದು ಬಸ್ಸು ಹತ್ತುವಾಗ ತೆಂಗಿನ ಗರಿಗಳ ನಡುವೆ ಇನ್ನೂ ಬೆಳಕಿತ್ತು.

ಆ ಬಿಳಿ ವಾಚು ಇನ್ನೂ ಮೂರು ವರ್ಷ ನಡೆದು ನಿಂತಿತು. ಆ ಹೊತ್ತಿಗೆ ನಿಪ್ಪಾಣಿಯ ಪೇಟೆಯಲ್ಲಿ ಹಗುರವಾದ, ಬಟ್ಟೆಯ ಪಟ್ಟಿಯ, ದಿನಾ ಕಟ್ಟುವಂಥ ವಾಚುಗಳು ಸಾಲು ಸಾಲಾಗಿ ಬಂದಿದ್ದವು. ತಾರಾಬಾಯಿ ಹೋಗಿ ಒಂದನ್ನು ಐದು ನಿಮಿಷದಲ್ಲಿ ಆರಿಸಿ ಕಟ್ಟಿಕೊಂಡು ಬಂದಳು. ಪಟ್ಟಿ ಹೊಲಿಯುವ ಕೆಲಸ ತಾನಾಗಿ ಕಡಿಮೆಯಾಯಿತು. ಅವಳಿಗೆ ಅದರ ಬೇಸರವಿರಲಿಲ್ಲ. ಅಷ್ಟರಲ್ಲಿ ಕಾಗವಾಡದ ತರಗತಿಯನ್ನು ದ್ರೌಪದಿಯೇ ನಡೆಸುತ್ತಿದ್ದಳು. ಎರಡು ಮಕ್ಕಳ ತಾಯಿ, ಮಾತು ಮೊದಲಿನಷ್ಟೇ ಚುರುಕು. ಹೊಸ ಯಂತ್ರಗಳು ಬಂದಿವೆ, ಪೂಜೆಗೆ ಬರಬೇಕು ಎಂದು ಹೇಳಿ ಕಳಿಸಿದಾಗ ತಾರಾಬಾಯಿ ಬೆಳಗಿನ ಬಸ್ಸಿಗೇ ಹೊರಟಳು. ಒಂಬತ್ತು ಹುಡುಗಿಯರು ಯಂತ್ರಗಳ ಮುಂದೆ ಕೂತಿದ್ದರು. ಅವರಲ್ಲೊಬ್ಬಳ ಹೊಲಿಗೆ ಸೊಟ್ಟಗೆ ಓಡುತ್ತಿತ್ತು. ತಾರಾಬಾಯಿ ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಎಳೀಬ್ಯಾಡವ್ವ. ಅರಿವಿ ತಾನ ಹೋಗತೈತಿ, ನೀ ಬರೀ ಕೈ ಇಡು" ಎಂದಳು. ಹುಡುಗಿ ಬಗ್ಗಿ ಕಿವಿ ಕೊಟ್ಟು, ಮತ್ತೆ ಕಾಲು ಆಡಿಸಿದಳು.